ಹಸಿರು ಹಾಕಿದರೆ ಕೆಂಪಾಗುವ ಹಂಡೆ

ಪರೇಲ್, ಮುಂಬಯಿ
೨೦ ಜನವರಿ ೧೯೫೫, ಗುರುವಾರ

ನನ್ನ ಅವ್ವ ಬಸಲಿಂಗವ್ವನ ಪಾದಕ್ಕೆ ಮಗಳು ಶರಣವ್ವ ಮುಂಬಯಿಯಿಂದಲೇ ಹಣೆ ಹಚ್ಚಿ ಮಾಡುವ ಶರಣು. ಅಪ್ಪನಿಗೂ ನನ್ನ ಶರಣು ಹೇಳು. ಅವನು ಬಣ್ಣದ ಹಂಡೆಯ ಮುಂದೆ ಇದ್ದರೆ ಈಗ ಬೇಡ, ಕೈ ತೊಳೆದು ಬಂದ ಮೇಲೆ ಹೇಳು. ಬಣ್ಣ ಕೆಟ್ಟರೆ ತಪ್ಪನ್ನು ನನ್ನ ಶರಣಿನ ಮೇಲೆ ಹಾಕಿಯಾನು.

ತಮ್ಮಾ ಶಿವಪುತ್ರ, ಈ ಕಾಗದ ಓದುವವನು ನೀನೇ ಎಂದು ಗೊತ್ತು. ಅವ್ವನಿಗೆ ಅಕ್ಷರ ಬಾರದು ಎಂಬ ಧೈರ್ಯದಿಂದ ಬೇಕಾದ್ದು ಓದಿ ಬೇಡಾದ್ದು ನುಂಗುವವನು ನೀನು. ಹಿಂದೆ ನಿನ್ನ ಬೀಡಿಯ ಸುದ್ದಿ ಬರೆದಾಗ ಆ ನಾಲ್ಕು ಸಾಲು ಹಾರಿಸಿ ಓದಿದೆಯಂತೆ, ನಾನು ಊರಿಗೆ ಬಂದಾಗ ನಾಗವ್ವ ನಗುತ್ತ ಹೇಳಿದ್ದಳು. ಈ ಸಲ ಒಂದು ಅಕ್ಷರ ನುಂಗಿದರೂ ನಾನು ನಿನ್ನ ಅಕ್ಕನಲ್ಲ. ನಾಗವ್ವ ಎಂದಿನಂತೆ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿರುತ್ತಾಳೆ. ನಿನ್ನ ಹೆಂಡತಿ ಐದು ತಿಂಗಳ ಬಸುರಿ, ಮಾರಾಯ. ಅವಳನ್ನು ಒಳಗೆ ಕರೆದು ಕೂರಿಸು. ನಿಂತು ಕೇಳುವಷ್ಟು ಸಣ್ಣ ಕಾಗದವಲ್ಲ ಇದು.

ಅವ್ವಾ, ನೀನು ಬರೆಸಿದ ಕಾಗದ ಸೋಮವಾರ ಕೈಸೇರಿತು. ಅದರಲ್ಲಿ ಎರಡು ಮಾತಿದ್ದವು. ಒಂದು, ನನಗೆ ಎಂಟು ತುಂಬುವುದರೊಳಗೆ ಹೆರಿಗೆಗೆ ಇಳಕಲ್ಲಿಗೆ ಬರಬೇಕು, ಕರೆತರಲು ಶಿವಪುತ್ರನನ್ನು ಕಳಿಸುತ್ತೀ. ಇನ್ನೊಂದು ನಾಗವ್ವನದು. ಅವಳು ಒಲೆಯ ಮಣ್ಣು ಕೆರೆದು ತಿನ್ನುತ್ತಾಳೆ, ಮುಖ ಬೆಳ್ಳಗಾಗಿದೆ, 'ಬಿಳುಪ ಏರಿದ್ರ ಗಂಡ ಕೂಸ ಹುಟ್ಟತೈತಿ' ಎಂದು ಓಣಿಯ ಹೆಂಗಸರು ಹೇಳುತ್ತಾರೆ, ಕೂಸು ಸಣ್ಣದಿದ್ದು ಸಲೀಸಾಗಿ ಇಳಿಯಲಿ ಎಂದು ನೀನು ಈಗಿನಿಂದಲೇ ಅವಳ ರೊಟ್ಟಿ ಕಡಿಮೆ ಮಾಡಿದ್ದೀ. ಇದನ್ನು ಓದುತ್ತ ನಾನು ಒಲೆಯ ಮುಂದೆ ಹಾಗೇ ಕುಳಿತುಬಿಟ್ಟೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದರೂ ನನಗೆ ಎಚ್ಚರವಿಲ್ಲ.

ಮೊದಲನೆಯದಕ್ಕೆ ಉತ್ತರ: ನಾನು ಬರುವುದಿಲ್ಲ. ಎರಡನೆಯದಕ್ಕೆ ಉತ್ತರ ಈ ಕಾಗದ. ನಾಗವ್ವನ ಕೂಸು ಉಳಿಯಬೇಕು ಅವ್ವಾ, ಅದರ ಸಲುವಾಗಿಯೇ ಬರೆಯುತ್ತಿದ್ದೇನೆ. 'ಮುಂಬಯಿ ನೀರ ಕುಡದು ಮಗಳು ದೊಡ್ಡಾಕಿ ಆಗ್ಯಾಳ' ಎಂದು ಸೆರಗು ಝಾಡಿಸಿ ಏಳಬೇಡ. ಕಡೆಯತನಕ ಕೇಳು, ಆಮೇಲೆ ಎಷ್ಟು ಬೇಕಾದರೂ ಬೈದು ಬರೆಸು.

ನಮ್ಮ ಖೋಲಿ ನಿನಗೆ ಗೊತ್ತೇ ಇದೆ. ಅದರಲ್ಲೇ ಸಂಸಾರ, ಅದರಲ್ಲೇ ಖಾನಾವಳಿ. ನಿನ್ನ ಅಳಿಯನನ್ನು ಬಿಟ್ಟು ಹದಿನಾಲ್ಕು ಮಂದಿ ಉಣ್ಣಲು ಬರುತ್ತಾರೆ. ಎಲ್ಲರೂ ಬಿಜಾಪುರ, ಬೆಳಗಾವಿ ಕಡೆಯವರು, ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಮಿಲ್ಲಿನ ಕೆಲಸಕ್ಕೆ ಬಂದವರು. ಅವರಲ್ಲಿ ಹಿರಿಯ ಗದಿಗೆಪ್ಪ ಕಾಕಾ. ಯಾರಿಗೆ ಖಾರ ಹೆಚ್ಚು ಬೇಕು, ಯಾರಿಗೆ ಉಳ್ಳಾಗಡ್ಡಿ ಆಗದು, ಯಾರು ಸೋಮವಾರ ಒಪ್ಪತ್ತು, ಎಲ್ಲ ನನ್ನ ಬಾಯಲ್ಲೇ ಇರುತ್ತದೆ.

ದಸರೆ ಹತ್ತಿರ ಬಂದಿತ್ತು, ನನಗೆ ಐದನೆಯ ತಿಂಗಳು. ಬೆಳಿಗ್ಗೆ ನಳದಿಂದ ಎರಡು ಕೊಡ ನೀರು ಹೊತ್ತು ಬರುತ್ತ ಮೆಟ್ಟಿಲಿನ ನಡುವೆ ಕುಳಿತುಬಿಟ್ಟೆ. ಏಳೋಣವೆಂದರೆ ಕಾಲು ನನ್ನವಲ್ಲ. ನಮ್ಮ ಚಾಳಿನ ಕೆಳಗಿನ ಖೋಲಿಯಲ್ಲಿ ಶೀಲಾವತಿ ಅಕ್ಕ ಇದ್ದಾಳೆ, ಉಡುಪಿಯ ಕಡೆಯವಳು, ದಾದರಿನ ಹತ್ತಿರ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಅವಳು ಕೆಲಸಕ್ಕೆ ಹೊರಟವಳು ನನ್ನನ್ನು ನೋಡಿ ನಿಂತಳು. ಹೇಳದೆ ಕೇಳದೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಇದೆಂತದು ಮಾರಾಯ್ತಿ, ಕಣ್ಣೊಳಗೆ ರಕ್ತವೇ ಇಲ್ಲವಲ್ಲ ಅಂದಳು. ಅವಳ ಕನ್ನಡ ಬೈದರೂ ಹಾಡಿದಂತೆ ಕೇಳುತ್ತದೆ. ನಿನ್ನೆಯಿಂದ ಎಂತ ತಿಂದದ್ದು ಎಂದು ಕೇಳಿದಳು. ನಾನು, ಗದಿಗೆಪ್ಪ ಕಾಕಾ ಮೂರು ರೊಟ್ಟಿ ಉಂಡರು, ನಮ್ಮ ಮನೆಯವರು ನಾಲ್ಕು, ನುಚ್ಚು ಎಲ್ಲರಿಗೂ ಸರಿಹೋಯಿತು ಎಂದು ಶುರುಮಾಡಿದೆ. ಊರಿನವರದ್ದೆಲ್ಲ ನನಗೆ ಬೇಡ, ನಿನ್ನದು ಹೇಳು ಅಂದಳು.

ನನ್ನದು ನೆನಪಿಗೇ ಬರಲಿಲ್ಲ ಅವ್ವಾ. ಹದಿನೈದು ಗಂಡಸರ ತುತ್ತು ಲೆಕ್ಕವಿದ್ದವಳಿಗೆ ತನ್ನ ತುತ್ತು ನೆನಪಿಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ, ಪುಂಡಿ ಪಲ್ಲೆಯ ಪಾತ್ರೆ ಬಳಿದು ಅರ್ಧ ರೊಟ್ಟಿ ತಿಂದದ್ದು ನೆನಪಾಯಿತು. ಅದೂ ಹಿಂದಿನ ದಿನ ಸಂಜೆಯದೋ ಮಧ್ಯಾಹ್ನದ್ದೋ ಹೇಳಲಾಗಲಿಲ್ಲ.

ಅವಳು ಅವತ್ತೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಮರಾಠಿ ಡಾಕ್ಟರಬಾಯಿ ಇದ್ದಾಳೆ, ಕನ್ನಡಕದವಳು, ಮಾತು ಕಡಿಮೆ. ನನ್ನ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ನೆತ್ತರನ್ನು ಬಿಳಿಯ ಒತ್ತುಕಾಗದದ ಮೇಲೆ ಇಳಿಸಿದಳು. ಆಮೇಲೆ ಒಂದು ಸಣ್ಣ ಪುಸ್ತಕ ತೆರೆದಳು ನೋಡು, ನನ್ನ ಜೀವ ಝಲ್ಲೆಂದಿತು! ಅದರೊಳಗೆ ಬಣ್ಣಗಳು! ಹತ್ತು ಕೆಂಪು ಚೌಕಗಳು, ಸಾಲಾಗಿ, ಒಂದಕ್ಕಿಂತ ಒಂದು ಗಾಢ. ಮೊದಲನೆಯದು ಸೀರೆ ಒಗೆದ ನೀರಿನಷ್ಟು ಪೇಲವ, ಹತ್ತನೆಯದು ಅಪ್ಪ ಹಬ್ಬದ ಸೀರೆಯ ಸೆರಗಿಗೆಂದು ಇಳಿಸುವ ದಾಳಿಂಬೆ ಕೆಂಪು. ಅಪ್ಪ ಗಿರಾಕಿಗಳಿಗೆ ತೋರಿಸಲು ನೂಲಿನ ತುಂಡುಗಳನ್ನು ರಟ್ಟಿಗೆ ಕಟ್ಟಿ ಇಟ್ಟಿಲ್ಲವೇ, ಹಾಗೆಯೇ. ನೆತ್ತರಿನ ಹನಿಯನ್ನು ಈ ಚೌಕಗಳ ಪಕ್ಕ ಹಿಡಿದು, ಯಾವುದಕ್ಕೆ ಹೊಂದುತ್ತದೆ ಎಂದು ನೋಡುತ್ತಾರೆ. ಅಷ್ಟರ ಮೇಲೆ ಮೈಯಲ್ಲಿ ನೆತ್ತರಿನ ಸತ್ವ ಎಷ್ಟಿದೆ ಎಂದು ಹೇಳುತ್ತಾರೆ. ನಾವು ಹುಟ್ಟಿದಾಗಿನಿಂದ ಮಾಡುತ್ತ ಬಂದ ಕೆಲಸ ಇವರ ವೈದ್ಯಕೀಯದಲ್ಲಿಯೂ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಡಾಕ್ಟರಬಾಯಿ ವಿದ್ಯುದ್ದೀಪದ ಕೆಳಗೆ ಹಿಡಿದು ನೋಡಿ ಐದನೆಯ ಚೌಕ ಅಂದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ? ಅಲ್ಲ ಡಾಕ್ಟರಬಾಯಿ, ಐದಲ್ಲ ಅಂದುಬಿಟ್ಟೆ. ದೀಪದ ಬೆಳಕಿನಲ್ಲಿ ಕೆಂಪು ನೋಡಬಾರದು, ದೀಪದ ಹಳದಿ ಕೂಡಿಕೊಂಡು ಬಣ್ಣ ಏರಿದಂತೆ ಕಾಣುತ್ತದೆ, ಕಿಟಕಿಗೆ ಬನ್ನಿ ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಶೀಲಾವತಿ ಅಕ್ಕ ನನ್ನ ಸೆರಗು ಜಗ್ಗಿದಳು, ದೊಡ್ಡ ಡಾಕ್ಟರಿಗೇ ಪಾಠ ಹೇಳುವುದಾ ಎಂಬಂತೆ. ಆದರೆ ಡಾಕ್ಟರಬಾಯಿ ಎದ್ದು ಕಿಟಕಿಗೆ ಬಂದಳು. ಉತ್ತರದ ಬೆಳಕು, ಮೋಡವಿಲ್ಲ. ನೋಡಿದರೆ ನಾಲ್ಕನೆಯ ಚೌಕಕ್ಕಿಂತ ಒಂದು ಕೂದಲೆಳೆಯೂ ಮೇಲಿಲ್ಲ. ಅವಳು ಕನ್ನಡಕ ತೆಗೆದು ನನ್ನನ್ನು ನೋಡಿ, ನೀನು ಯಾರ ಮಗಳು ಎಂದು ಕೇಳಿದಳು. ಇಳಕಲ್ಲಿನ ಬಣ್ಣಗಾರರ ಮಗಳು ಅಂದೆ, ಎದೆ ಉಬ್ಬಿಸಿಕೊಂಡು. ಒಂದು ಗಳಿಗೆಯ ಮೇಲೆ ತಿಳಿಯಿತು, ನಾನು ಗೆದ್ದದ್ದು ಏನನ್ನು ಎಂದು. ನನ್ನ ನೆತ್ತರು ಇನ್ನೂ ಒಂದು ಚೌಕ ಕೆಳಗಿದೆ ಎಂದು ನಾನೇ ಸಾಧಿಸಿ ತೋರಿಸಿದ್ದೆ.

ಆ ಬಣ್ಣ ನನಗೆ ಗೊತ್ತಿತ್ತು ಅವ್ವಾ. ನಿನಗೂ ಗೊತ್ತು. ಹಂಡೆಗೆ ಹೊಸ ಬಣ್ಣ ಹಾಕದೆ ಮೂರನೆಯ ಸಲ ನೂಲಿನ ಲಡಿ ಮುಳುಗಿಸಿದರೆ ಬರುವ ಕೆಂಪು ಅದು. ಮೊದಲ ಲಡಿ ಇದ್ದ ಬಣ್ಣವನ್ನೆಲ್ಲ ಕುಡಿದಿರುತ್ತದೆ, ಎರಡನೆಯದು ಉಳಿದದ್ದನ್ನು, ಮೂರನೆಯದರ ಪಾಲಿಗೆ ಬರೀ ನೀರು. ಬಸುರಿಯ ಮೈಯೂ ಒಂದು ಹಂಡೆ, ಕೂಸು ಅದರಲ್ಲಿ ಅದ್ದಿದ ಲಡಿ. ಹಂಡೆಯಲ್ಲಿ ಇಲ್ಲದ ಕೆಂಪು ಲಡಿಗೆ ಎಲ್ಲಿಂದ ಬರಬೇಕು?

ಈಗ ಒಂದು ಸುಳ್ಳು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಏಳನೆಯ ತಿಂಗಳಿಗೆ ನನ್ನ ಎರಡನೆಯ ಕೂಸು ಹೋಯಿತಲ್ಲ, ಆಗ ಮೆಟ್ಟಿಲು ಜಾರಿ ಬಿದ್ದೆ ಎಂದು ಬರೆದಿದ್ದೆ. ಜಾರಿರಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬಡಿಯುತ್ತ ಕಣ್ಣು ಕತ್ತಲಾಗಿ ಬಿದ್ದದ್ದು. ಹಿಂದಿನ ದಿನದಿಂದ ಹೊಟ್ಟೆಗೆ ಚಹಾ ಬಿಟ್ಟು ಏನೂ ಬಿದ್ದಿರಲಿಲ್ಲ. ಖಾನಾವಳಿ ನಡೆಸುವವಳು ಹಸಿದು ಬಿದ್ದಳು ಎಂದು ಹೇಗೆ ಬರೆಯಲಿ? ನಾಚಿಕೆಯಾಯಿತು. ನೀನು ನನ್ನ ಮಾತು ನಂಬಿ, ಯಾರದೋ ಕಣ್ಣು ತಗಲಿದೆ ಎಂದು ಬರಿಗಾಲಲ್ಲಿ ಬನಶಂಕರಿಗೆ ಹೋಗಿಬಂದೆ. ನಿನ್ನ ಕಾಲಿನ ಬೊಬ್ಬೆಯ ಸುದ್ದಿ ಕೇಳಿ ಇಲ್ಲಿ ಕುಳಿತು ಅತ್ತಿದ್ದೇನೆ. ಆದರೂ ನಿಜ ಬರೆಯಲಿಲ್ಲ.

ಡಾಕ್ಟರಬಾಯಿ ಮೊದಲು ಏನೋ ಪ್ರಾಣಿಯ ಲಿವರಿನಿಂದ ತೆಗೆದ ಔಷಧ ಸೂಜಿಯಲ್ಲಿ ಕೊಡುತ್ತೇನೆ ಅಂದಳು. ನಾನು ಕೊರಳ ಲಿಂಗ ಗಟ್ಟಿಯಾಗಿ ಹಿಡಿದುಕೊಂಡು ಎದ್ದುನಿಂತೆ. ಹೆದರಬೇಡ, ನಿನ್ನ ಮಗಳ ಆಚಾರ ಕೆಟ್ಟಿಲ್ಲ. ಶೀಲಾವತಿ ಅಕ್ಕ ನಡುವೆ ಬಂದು, ಬೇಡವಾದರೆ ಬೇಡ, ಇವರ ಊರಿನ ಸೊಪ್ಪು ಕಾಳಿನಲ್ಲಿ ಎಂತ ಇಲ್ಲ, ತಿಂದರೆ ಸಾಕು ಎಂದು ಡಾಕ್ಟರಬಾಯಿಗೆ ಹೇಳಿದಳು. ಕಡೆಗೆ ಕಬ್ಬಿಣದ ಮಾತ್ರೆ ಕೊಟ್ಟರು. ಹೌದು, ಕಬ್ಬಿಣದ್ದೇ! ನಿನ್ನ ಅಳಿಯ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ನಮ್ಮ ಮಿಲ್ಲಿನ್ಯಾಗ ಕಬ್ಬಿಣ ಬೇಕಾದಷ್ಟೈತಿ, ಬಂದು ನೆಕ್ಕಿಹೋಗು ಎಂದು ನಕ್ಕರು. ಆಮೇಲೆ ಮಾತ್ರೆಗಳನ್ನು ಎರಡೆರಡು ಸಲ ಎಣಿಸಿ ನನ್ನ ಕೈಗಿಟ್ಟರು.

ಮಾತ್ರೆಯ ಜೊತೆಗೆ ಊಟ ಹೇಳಿದರು. ಪುಂಡಿ, ಮೆಂತೆ, ರಾಜಗಿರಿ, ನುಗ್ಗೆಸೊಪ್ಪು, ಏನು ಸಿಕ್ಕರೂ ದಿನಾ ಎರಡು ಹಿಡಿ. ಮೊಳಕೆ ಬಂದ ಮಡಿಕೆಕಾಳು. ಶೇಂಗಾ, ಬೆಲ್ಲ, ಗುರೆಳ್ಳಿನ ಹಿಂಡಿ. ಊಟದ ಮೇಲೆ ನಿಂಬೆಹುಳಿ. ಗೋರೆಗಾಂವದ ಕಡೆಯಿಂದ ಬಾಟಲಿಯಲ್ಲಿ ಬರುವ ಹಾಲು ಒಂದು ಲೋಟ. ಒಂದೂ ನಮಗೆ ಗೊತ್ತಿಲ್ಲದ ಪದಾರ್ಥವಲ್ಲ ನೋಡು. ಪುಂಡಿಯನ್ನು ಕುದಿಸಿ ಹಿಂಡಿ ಆ ನೀರು ಚೆಲ್ಲುತ್ತೇನೆ ಎಂದಾಗ ಶೀಲಾವತಿ ಅಕ್ಕ ತಲೆ ಚಚ್ಚಿಕೊಂಡಳು. ವಿಟಮಿನ್ ಎಲ್ಲ ಮೋರಿಗೆ ಹಾಕಿ ನಾರು ಮಾತ್ರ ತಿನ್ನುವುದಾ ಅಂದಳು. ವಿಟಮಿನ್ ಅಂದರೆ ಏನು, ತೋರಿಸು ಅಂದೆ. ತೋರಿಸಲಿಕ್ಕೆ ಬರುವುದಿಲ್ಲ, ಅದು ಕಣ್ಣಿಗೆ ಕಾಣುವುದಿಲ್ಲ, ಸಾಸಿವೆಯಷ್ಟೂ ಬೇಡ, ಆದರೆ ಅದಿಲ್ಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ ಅಂದಳು. ನನಗೆ ತಟ್ಟನೆ ತಿಳಿಯಿತು. ಅದು ನಮ್ಮ ಪಟಿಕದ ಹರಳು! ಎಷ್ಟು ಬಣ್ಣ ಹಾಕಿದರೂ ಒಂದು ಹರಳು ಪಟಿಕವಿಲ್ಲದಿದ್ದರೆ ನೂಲು ಬಣ್ಣ ಹಿಡಿಯುತ್ತದೆಯೇ? ಹಾಗೆ ಹೇಳಿದ್ದಕ್ಕೆ ಅವಳು, ನೀನು ನರ್ಸ್ ಆಗಬೇಕಿತ್ತು ಮಾರಾಯ್ತಿ ಅಂದಳು.

ಮನೆಗೆ ಬಂದೆ, ಎಲ್ಲ ತಂದಿಟ್ಟೆ. ಆದರೆ ಉಣ್ಣುವುದು ಯಾವಾಗ? ಗಂಡಸರು ಉಣ್ಣದೆ ಹೆಂಗಸು ಉಣ್ಣುವುದುಂಟೇ? ಮೂರು ದಿನ ಅದೇ ಹಳೆಯ ಹಾಡು. ಹಾಲು ನಿನ್ನ ಅಳಿಯನ ಚಹಾಕ್ಕೆ ಹೋಯಿತು, ಮಡಿಕೆಕಾಳು ತಾಟಿನಿಂದ ತಾಟಿಗೆ ಬಡಿಸುತ್ತ ಮುಗಿದುಹೋಯಿತು. ನಾಲ್ಕನೆಯ ದಿನ ಭಾನುವಾರ, ಮಿಲ್ಲಿಗೆ ಸೂಟಿ, ಮಧ್ಯಾಹ್ನ ಎಲ್ಲರೂ ಎರಡು ಸಾಲಾಗಿ ಕುಳಿತರು. ಬಡಿಸಿದೆ. ಒಬ್ಬರೂ ತಾಟಿಗೆ ಕೈ ಹಾಕಲಿಲ್ಲ. ಪಲ್ಲೆಯಲ್ಲಿ ಏನಾದರೂ ಬಿದ್ದಿದೆಯೇ ಎಂದು ನಾನು ಗಾಬರಿಯಾದೆ. ಗದಿಗೆಪ್ಪ ಕಾಕಾ ತಲೆ ಎತ್ತದೆಯೇ, ತಂಗೀ, ನಿನ್ನ ತಾಟ ಎಲ್ಲೈತಿ ಎಂದು ಕೇಳಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, ನಿನ್ನ ಗಂಡ ದಾನಪ್ಪ ನನಗ ಎಲ್ಲಾ ಹೇಳ್ಯಾನ, ಇವತ್ತಿನಿಂದ ಈ ಖಾನಾವಳ್ಯಾಗ ಮೊದಲನೇ ರೊಟ್ಟಿ ಶರಣವ್ವಂದು, ಆಕಿ ಉಂಡಿಂದ ನಮ್ಮ ಕೈ ತಾಟಿಗೆ ಅಂದರು. ನಿನ್ನ ಅಳಿಯ ಗೋಡೆಯ ಕಡೆ ಮುಖಮಾಡಿ ಕುಳಿತಿದ್ದರು, ಕಿವಿ ಕೆಂಪಗೆ. ಮನೆಯ ಮಾತನ್ನು ಹೊರಗೆ ಹೇಳಿದ್ದಕ್ಕೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಸೌಟನ್ನು ಅವರ ಬೆನ್ನಿಗೇ ಎಸೆಯಬೇಕೆನಿಸಿತು.

ಇಲ್ಲ, ಆಗಂಗಿಲ್ಲ, ಅನ್ನ ಆರತೈತಿ, ಉಣ್ಣ್ರಿ ಅಂದೆ. ಆರಲಿ ಬಿಡು ಅಂದರು. ಬೈದೆ. ಯಾರೂ ಅಲುಗಲಿಲ್ಲ. ಇನ್ನೊಬ್ಬ, ಲಗೂ ಉಣ್ಣವಾ ತಂಗಿ, ಹೊಟ್ಟಿ ತಾಳ ಹಾಕಾಕ ಹತ್ತೈತಿ ಎಂದು ಗೋಗರೆದ. ಕಡೆಗೆ ಒಲೆಯ ಕಡೆ ತಿರುಗಿ, ಅವರಿಗೆ ಬೆನ್ನು ಮಾಡಿ, ಸೆರಗು ಮುಖದ ಮೇಲೆ ಎಳೆದುಕೊಂಡು, ಹಂಚಿನಿಂದ ಆಗಷ್ಟೇ ಉಬ್ಬಿ ಇಳಿದ ರೊಟ್ಟಿಗೆ ಪಲ್ಲೆ ಹಚ್ಚಿ ಬಾಯಿಗಿಟ್ಟೆ. ಹಿಂದೆ ಹದಿನೈದು ಹಸಿದ ಗಂಡಸರು ಉಸಿರು ಬಿಗಿಹಿಡಿದು ನಾನು ಅಗಿಯುವುದನ್ನು ಕೇಳುತ್ತಿದ್ದರು. ಅವ್ವಾ, ಏನು ಹೇಳಲಿ, ಬಿಸಿ ರೊಟ್ಟಿ ಅಷ್ಟು ಮೆತ್ತಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗಿನಿಂದ ರೊಟ್ಟಿ ಬಡಿಯುತ್ತಿದ್ದೇನೆ, ನನ್ನ ಕೈಯ ರೊಟ್ಟಿಯ ರುಚಿ ನನಗೆ ಗೊತ್ತಾದದ್ದು ಅವತ್ತು. ಅಳುತ್ತ ಉಂಡೆ, ಪೂರಾ ಎರಡು ರೊಟ್ಟಿ. ಮುಗಿದ ಮೇಲೆ ಗದಿಗೆಪ್ಪ ಕಾಕಾ, ಹೂಂ, ಕೈ ಹಾಕ್ರಪಾ ಅಂದರು. ಅವತ್ತು ಅವರೆಲ್ಲ ಉಂಡದ್ದು ನೋಡಬೇಕಿತ್ತು ನೀನು, ಮದುವೆಯ ಪಂಕ್ತಿಯ ಹಾಗೆ.

ಅಂದಿನಿಂದ ಇಂದಿನವರೆಗೆ ಆ ನೇಮ ತಪ್ಪಿಲ್ಲ. ಊರಿಗೆ ಹೋಗಿಬಂದವರು ಯಾರು ಏನು ತಂದರೂ, ಒಂದು ಹಿಡಿ ಒಣ ಹತ್ತರಕಿ ಸೊಪ್ಪಾಗಲಿ ಒಂದು ಬೆಲ್ಲದ ಅಚ್ಚಾಗಲಿ, ಹೊಸ್ತಿಲಲ್ಲಿ ಇಟ್ಟು ಹೋಗುತ್ತಾರೆ. ಊರಲ್ಲಿರುವ ತಮ್ಮ ಹೆಂಡಿರಿಗೂ ಈ ಮಾತು ಬರೆಸಿದ್ದಾರಂತೆ. ನನ್ನಂಥವಳಿಗೆ ಈ ಭಾಗ್ಯ ಯಾಕೆ ಬಂತು ಎಂದು ಎಷ್ಟೋ ಸಲ ಬೆರಗಾಗುತ್ತದೆ.

ಮುಂದಿನ ತಿಂಗಳು ಬೆರಳು ಚುಚ್ಚಿದಾಗ ಹನಿ ಐದನೆಯ ಚೌಕಕ್ಕೆ ಬಂತು. ಅದರ ಮುಂದಿನ ತಿಂಗಳು ಆರಕ್ಕೆ. ಹೋದ ಮಂಗಳವಾರ ಏಳನ್ನು ದಾಟಿ ಎಂಟರ ಹತ್ತಿರ. ಪ್ರತಿಸಲ ಕಿಟಕಿಯ ಬಳಿ ನಿಂತು ಅದನ್ನು ನೋಡುತ್ತ ನನ್ನ ಮೈ ಜುಮ್ಮೆನ್ನುತ್ತದೆ. ನಾನು ಬಣ್ಣದ ಮನೆಯಲ್ಲಿ ಹುಟ್ಟಿದವಳು. ಹಸಿರು ಹಾಕಿದರೆ ಹಸಿರು, ಕೆಂಪು ಹಾಕಿದರೆ ಕೆಂಪು, ಇಷ್ಟೇ ನನಗೆ ಗೊತ್ತಿದ್ದದ್ದು. ಇಲ್ಲಿ ನಾನು ಹಾಕಿದ್ದು ಹಸಿರು ಮೆಂತೆ, ಕರಿ ಗುರೆಳ್ಳು, ಬಿಳಿ ಹಾಲು. ಬಂದದ್ದು ಕೆಂಪು! ಯಾವ ಬಣ್ಣಗಾರ ಕಟ್ಟಿದ ಹಂಡೆ ಇದು? ಹೊಟ್ಟೆಯೊಳಗೆ ಕೂಸು ಒದೆಯುತ್ತದೆ, ಮೊದಲಿನ ಎರಡು ಇಷ್ಟು ಜೋರಾಗಿ ಎಂದೂ ಒದೆದಿರಲಿಲ್ಲ. ಅದಕ್ಕೆ ಒದೆಯುವ ಬಲ ನಿನ್ನೆಯ ರೊಟ್ಟಿಯಿಂದ ಬಂತು ಎಂದು ನೆನೆದರೆ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಹಾಗೇ ಕುಳಿತಿರುತ್ತೇನೆ.

ಇನ್ನೊಂದು ತಮಾಷೆ ಕೇಳು. ಡಾಕ್ಟರಬಾಯಿ ಈಗ ಮಂಗಳವಾರಕ್ಕೊಮ್ಮೆ ನನ್ನನ್ನು ಕಿಟಕಿಯ ಬಳಿ ಸ್ಟೂಲು ಹಾಕಿ ಕೂರಿಸುತ್ತಾಳೆ. ಬಸುರಿಯರ ಹನಿ ಯಾವ ಚೌಕಕ್ಕೆ ಹೊಂದುತ್ತದೆ ಎಂದು ನಾನು ಹೇಳಬೇಕು, ಅವಳು ಬರೆದುಕೊಳ್ಳುತ್ತಾಳೆ. ಮುಸಲ್ಮಾನರ ಹುಡುಗಿ, ಗುಜರಾತಿ ಸೇಠಾಣಿ, ಮದರಾಸಿನವಳು, ಮಿಲ್ಲಿನಲ್ಲಿ ದುಡಿಯುವವಳು, ಎಲ್ಲರೂ ಬಂದು ಬೆರಳು ಚಾಚುತ್ತಾರೆ. ಜಾತಿ ಬೇರೆ, ಭಾಷೆ ಬೇರೆ, ಹನಿ ನೋಡಿದರೆ ಅಕ್ಕತಂಗಿಯರು. ಹತ್ತರಲ್ಲಿ ಏಳು ಹನಿ ಪೇಲವ. ಎರಡೆಳೆ ಚಿನ್ನದ ಸರ ಹಾ‌ಕಿದ ಸೇಠಾಣಿಯದೂ ಐದನೆಯ ಚೌಕ. ನೀನು ಯಾವಾಗ ಉಣ್ಣುತ್ತೀ ಎಂದು ನಾನೇ ಕೇಳುತ್ತೇನೆ. ಎಲ್ಲರದೂ ಒಂದೇ ಉತ್ತರ, ಎಲ್ಲರದ್ದೂ ಆದ ಮೇಲೆ. ಒಬ್ಬಳೇ ಒಬ್ಬಳದು ಒಂಬತ್ತನೆಯ ಚೌಕ ಮುಟ್ಟಿತು, ಮೀನು ಮಾರುವ ಹೆಂಗಸು, ಇಲ್ಲಿನ ಕೋಳಿ ಎಂಬ ಬೆಸ್ತರ ಜಾತಿಯವಳು. ಅವಳಿಗೂ ಅದೇ ಪ್ರಶ್ನೆ ಕೇಳಿದೆ. ಬುಟ್ಟಿ ಹೊರುವ ಮುಂಚೆ ನಾನು ಉಣ್ಣಲೇಬೇಕು, ಇಲ್ಲದಿದ್ದರೆ ಬುಟ್ಟಿ ನಿನ್ನಪ್ಪ ಹೊರುತ್ತಾನೇನು ಎಂದು ನನ್ನ ಮೇಲೇ ಹಾರಿಬಿದ್ದಳು. ಡಾಕ್ಟರಬಾಯಿ ನಕ್ಕದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಈಗ ಕಷ್ಟದ ಮಾತು. ತಮ್ಮಾ, ಗಂಟಲು ಸರಿಮಾಡಿಕೊಂಡು ಓದು.

ನನ್ನ ಮೊದಲ ಕೂಸು ನಿನ್ನ ಮನೆಯಲ್ಲೇ ಹುಟ್ಟಿತು ಅವ್ವಾ. ಏಳು ತುಂಬಿದ ದಿನದಿಂದ ನೀನು ನನಗೆ ಅರ್ಧ ರೊಟ್ಟಿ ಕೊಟ್ಟೆ. ಹಸಿವು ಎಂದರೆ ತಲೆ ಸವರಿ, ಇಷ್ಟ ದಿನಾ ತಡಕೊ ನನ್ನವ್ವಾ, ಕೂಸು ದಪ್ಪಾದರ ನಿನ್ನ ಜೀವಕ್ಕ ಕುತ್ತು ಅನ್ನುತ್ತಿದ್ದೆ. ಹಾಗೆ ಹೇಳುವಾಗ ನಿನ್ನ ಕಣ್ಣಲ್ಲಿ ನೀರಿರುತ್ತಿತ್ತು. ಕೂಸು ಸಲೀಸಾಗಿಯೇ ಇಳಿಯಿತು. ನಿನ್ನ ಬೊಗಸೆಯಲ್ಲಿ ಹಿಡಿಸುವಷ್ಟು ಇತ್ತು, ಬಿಳಿಚಿಕೊಂಡಿತ್ತು, ಮೂರನೆಯ ದಿನ ಹೋಯಿತು. ನೀನು ನನ್ನನ್ನು ಪ್ರೀತಿಯಿಂದಲೇ ಉಪವಾಸ ಕೆಡವಿದೆ. ಬರೆಯಬಾರದೆಂದು ಮೂರು ದಿನ ತಡೆದೆ, ಆಗಲಿಲ್ಲ. ನಿನ್ನ ತಪ್ಪು ಅನ್ನುವುದಿಲ್ಲ, ನಿನಗೂ ನಿನ್ನ ಅವ್ವ ಹಾಗೆಯೇ ಮಾಡಿದ್ದಳು. ನೀನು ಹೆತ್ತದ್ದು ಏಳು, ಉಳಿದದ್ದು ನಾವಿಬ್ಬರು. ಹೋದ ಐದನ್ನು ನೀನು ಹಣೆಬರಹ ಎಂದು ಎಣಿಸಿ ಮಣ್ಣಿಗೆ ಇಟ್ಟೆ.

ಅಪ್ಪ ಉಂಡು, ಹಂಡೆಯ ಕೆಲಸದವರು ಉಂಡು, ನಾವು ಉಂಡ ಮೇಲೆ ನೀನು ಬುಟ್ಟಿಯ ತಳದ ಒಣ ರೊಟ್ಟಿ ಮುರಿದು ನೀರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದೆ. ಇನ್ನಷ್ಟು ಹಾಕ್ಕೋ ಅಂದರೆ, ನನಗ ಹಸಿವಿಲ್ಲವಾ ಅನ್ನುತ್ತಿದ್ದೆ. ನಾನು ಅದನ್ನು ನಂಬಿದ್ದೆ. ಮುಂಬಯಿಗೆ ಬಂದು ನಾನೂ ಅದೇ ಮಾತು ಹೇಳಿದೆ, ಅದೇ ದನಿಯಲ್ಲಿ, ಆಗ ತಿಳಿಯಿತು ನಿನಗೆ ಎಷ್ಟು ಹಸಿವಿತ್ತು ಎಂದು.

ಆದ್ದರಿಂದ ನಾನು ಬರುವುದಿಲ್ಲ. ಈ ಕೂಸು ಇಲ್ಲೇ, ಈ ಆಸ್ಪತ್ರೆಯಲ್ಲೇ ಹುಟ್ಟಲಿ. ತವರಿಗೆ ಬಾರದ ಮಗಳು ಎಂದು ಓಣಿ ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ಬಾಣಂತನಕ್ಕೆ ನೀನೇ ಬಾ. ಅಪ್ಪನಿಗೆ ನಾಲ್ಕು ವಾರ ಶಿವಪುತ್ರ ರೊಟ್ಟಿ ಬಡಿದು ಹಾಕಲಿ, ಕೈ ಸುಟ್ಟರೆ ಸುಡಲಿ. ಬರುವಾಗ ನಾಗವ್ವನನ್ನೂ ಕರೆದುಕೊಂಡು ಬಾ, ಡಾಕ್ಟರಬಾಯಿಗೆ ತೋರಿಸೋಣ. ಅಲ್ಲಿಯವರೆಗೆ ಅವಳಿಗೆ ಮಣ್ಣು ಬೇಡ. ಒಲೆ ಕೆರೆಯುವ ಆಸೆ ನನಗೂ ಇತ್ತು. ನೆತ್ತರು ಕಡಿಮೆಯಾದವರಿಗೆ ಅದು ಬರುತ್ತದಂತೆ, ಚೌಕ ಏರಿದ ಮೇಲೆ ನನಗೆ ಹೋಯಿತು. ಅವಳ ಬಿಳುಪಿನಲ್ಲಿ ಗಂಡೂ ಇಲ್ಲ ಹೆಣ್ಣೂ ಇಲ್ಲ, ಹಸಿವು ಇದೆ. ಮಗೂ ನಾಗವ್ವಾ, ನೀನು ಅತ್ತೆಗೆ ಹೆದರಿ ತಲೆ ತಗ್ಗಿಸಿ ಕುಳಿತಿರುತ್ತೀ. ತಲೆ ಎತ್ತು. ತಮ್ಮಾ, ಇಷ್ಟೊತ್ತಿಗೆ ನಿನ್ನ ದನಿ ಬಿದ್ದುಹೋಗಿರುತ್ತದೆ. ನೀನು ಗಂಡ, ಗದಿಗೆಪ್ಪ ಕಾಕಾನಿಗಿರುವ ಬುದ್ಧಿ ನಿನಗೆ ಇಲ್ಲವೇ?

ಬರೆದದ್ದು ಹೆಚ್ಚಾಗಿದ್ದರೆ ಹೊಟ್ಟೆಗೆ ಹಾಕಿಕೊ. ಏಳು ಹೆತ್ತವಳಿಗೆ ಎರಡು ಕಳೆದುಕೊಂಡವಳು ಬರೆದದ್ದು, ಬೇರೆ ಯಾರಿಗೆ ಬರೆಯಲಿ?

ನಿನ್ನ ಒಡಲಿನ ಮಗಳು,
ಶರಣವ್ವ

ತಾ.ಕ.: ಕಾಗದದ ಮಡಿಕೆಯಲ್ಲಿ ಮೂರು ಎಳೆ ನೂಲು ಕಟ್ಟಿ ಇಟ್ಟಿದ್ದೇನೆ. ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿ. ಗಾಢವಾದದ್ದು ಮಿಲ್ಲಿನದು, ನಿನ್ನ ಅಳಿಯ ತಂದದ್ದು. ಪುಸ್ತಕದ ಒಂಬತ್ತನೆಯ ಚೌಕಕ್ಕೆ ಹೊಂದಿಸಿ ಆರಿಸಿದ್ದೇನೆ, ಬಸುರಿಯ ನೆತ್ತರು ಹಾಗಿರಬೇಕು. ನಡುವಿನದು ಈಗಿನ ನನ್ನ ಕೆಂಪು. ಪೇಲವವಾದದ್ದು ದಸರೆಯ ದಿನಗಳ ನನ್ನ ಕೆಂಪು. ಅದಕ್ಕೆ ಹೊಂದುವ ನೂಲು ಮಿಲ್ಲಿನಲ್ಲಿ ಸಿಗಲಿಲ್ಲ. ನನ್ನ ಟ್ರಂಕಿನಲ್ಲೇ ಸಿಕ್ಕಿತು. ಮೊದಲ ಕೂಸಿಗೆ ನೀನು ಹೊಲಿದಿದ್ದ ಕುಂಚಿಗೆಯ ಎಳೆ ಅದು. ಒಳ್ಳೆಯ ಕೆಂಪೆಲ್ಲ ಮಾರುವ ಸೀರೆಗೆ, ಮೂರನೆಯ ಮುಳುಗಿನ ನೂಲು ಮನೆಯ ಕೂಸಿಗೆ ಎಂದು ನಾವು ಎಣಿಸುತ್ತಿದ್ದೆವಲ್ಲ. ಈ ಸಲ ಮೊದಲ ಮುಳುಗಿನ ನೂಲು ಎತ್ತಿಟ್ಟು ಎರಡು ಕುಂಚಿಗೆ ಹೊಲಿ, ಒಂದು ನನ್ನ ಕೂಸಿಗೆ, ಇನ್ನೊಂದು ನಾಗವ್ವನದಕ್ಕೆ.

ಸೂಜಿಯನ್ನು ಕುದಿಯುವ ನೀರಿಗೆ ಹಾಕಿ ತೆಗೆದು, ಬಿಳಿ ಅರಿವೆಯ ಮೇಲೆ ಒಂದು ಹನಿ ಇಳಿಸಿ, ಒಣಗಿ ಕಂದಾಗುವ ಮುಂಚೆ ಈ ಎಳೆಗಳ ಪಕ್ಕ ಇಟ್ಟು ನೋಡು. ನಿನ್ನಷ್ಟು ಕೆಂಪು ಬಲ್ಲವರು ಈ ಮುಂಬಯಿಯಲ್ಲೂ ಇಲ್ಲ, ನಿನ್ನ ಕಣ್ಣು ಏನು ಹೇಳುತ್ತದೋ ಅದನ್ನು ನಾನು ಒಪ್ಪುತ್ತೇನೆ. ಆದರೆ ನಾಗವ್ವನ ಬೆರಳಿಗಿಂತ ಮೊದಲು ನಿನ್ನ ಬೆರಳು ಚುಚ್ಚಿಕೊ. ನಿನ್ನ ಹನಿಗೂ ಆ ಕುಂಚಿಗೆಯ ಎಳೆಗೂ ಭೇದ ಕಾಣದಿದ್ದರೆ, ಅವ್ವಾ, ಅವತ್ತು ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿಯನ್ನು ನಡುವೆ ಮುರಿದು, ನಾಗವ್ವನ ಜೊತೆ ಕುಳಿತು, ಅಪ್ಪನಿಗಿಂತ ಮುಂಚೆ ನೀನು ಉಣ್ಣು.